ಬೂದಿ ಬಳಿದುಕೊಂಡ ಕುಂಬಳ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಹೊಳೆ ಆಗಷ್ಟೇ ಹರಿಯಲು ಕಲಿಯುತ್ತಿತ್ತು. ಆಗ ಬೂದುಗುಂಬಳದ ಮೈಮೇಲೆ ಬೂದಿಯೇ ಇರಲಿಲ್ಲ. ನಗಬೇಡ ಮಗು, ಇದು ನಗುವ ಕಥೆಯಲ್ಲ. ಅದರ ಮೈ ಹಸಿರಾಗಿ, ನುಣ್ಣಗೆ, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು.

ಲೋಕದ ಮೊದಲ ತರಕಾರಿ ಮಡಿ ಮಾಡಿದವಳು ಪುಟ್ಟೀರಿ. ಸೊಂಟದಲ್ಲಿ ಕೂಸು, ಕೈಯಲ್ಲಿ ಕುಡುಗೋಲು, ತಲೆಯಲ್ಲಿ ಬರೀ ಸಿಂಗಾರದ ಯೋಚನೆ. ಮಡಿಯ ಸುತ್ತ ಹೊಳೆಯ ಬಿಳಿ ಕಲ್ಲು ಜೋಡಿಸಿದಳು. ಕಾಲುದಾರಿಗೆ ಕೆಮ್ಮಣ್ಣು ಬಳಿದು ರಂಗೋಲಿ ಬಿಟ್ಟಳು. ಅಂಚಿಗೆ ಚೆಂಡುಹೂ ನೆಟ್ಟಳು, ಚಪ್ಪರಕ್ಕೆ ನವಿಲುಗರಿ ಸಿಕ್ಕಿಸಿದಳು. ಕುಂಬಳದ ಎಳೆಯ ಹೀಚುಗಳನ್ನು ದಿನಾ ಬೆಳಿಗ್ಗೆ ಸೆರಗಿನಿಂದ ಒರೆಸಿ ಮಿರಮಿರ ಮಿಂಚಿಸಿದಳು.

ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿದಳು: "ನೋಡಬನ್ನಿ, ನನ್ನ ಮಡಿ ನೋಡಬನ್ನಿ!" ಬಂದವರಿಗೆಲ್ಲ ಬೆರಳು ಮಾಡಿ ತೋರಿಸಿದಳು: "ಅದಲ್ಲ, ಇದು. ಇದರ ಚೆಂದ ನೋಡಿ."

ಸೂರ್ಯ ನೋಡಬಂದ. ನೋಡುತ್ತಾ ನೋಡುತ್ತಾ ಮುಂದೆ ಹೋಗುವುದನ್ನೇ ಮರೆತ. ಅವನು ನೋಡಿದ ಹೀಚು ಬೆಂದು ಬಾಡಿ ಉದುರಿತು.

ನೊಣ ನೋಡಬಂತು. ಪುಟ್ಟೀರಿ ಎಲ್ಲಿಗೆ ಬೆರಳು ತೋರಿಸಿದಳೋ ಸರಿಯಾಗಿ ಅಲ್ಲೇ ಕೂತು ಚುಚ್ಚಿತು. ಆ ಹೀಚು ಹಳದಿಯಾಗಿ, ಒಳಗೊಳಗೇ ಕೊಳೆತು ಉದುರಿತು.

ಕುಂಬಳದ ಬಳ್ಳಿ ಅತ್ತಿತು. "ಪುಟ್ಟೀರವ್ವ, ನನ್ನ ಮಕ್ಕಳ್ನ ತೋರಿಸಬ್ಯಾಡ ಕಣವ್ವ. ಒಂದೂ ಉಳೀತಿಲ್ಲ."

"ಸಿಂಗಾರ ಸಾಲದು ಅಂತ ಕಾಣ್ತದೆ" ಎಂದಳು ಪುಟ್ಟೀರಿ. ಉಳಿದ ಹೀಚುಗಳಿಗೆ ಹೂವಿನ ಹಾರ ಹಾಕಿದಳು. ಮತ್ತೆ ಕೂಗಿದಳು: "ನೋಡಬನ್ನಿ, ನೋಡಬನ್ನಿ!" ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ, ಬುದ್ಧಿ ಇರಲಿಲ್ಲ ಅಷ್ಟೇ. ಹಾರ ಹಾಕಿದ ಹೀಚುಗಳೂ ಉದುರಿದವು.

ಬಳ್ಳಿಯ ತುದಿಯಲ್ಲಿ ಒಂದೇ ಒಂದು ಹೀಚು ಉಳಿಯಿತು. ಅದೇ ಕಡೆಯದು. ಎಲೆಯಡಿ ಅದನ್ನು ಮುಚ್ಚಿಕೊಂಡು ಬಳ್ಳಿ ತೆವಳಿತು. ಬಿಳಿ ಕಲ್ಲು ದಾಟಿತು, ರಂಗೋಲಿ ದಾಟಿತು, ಅಂಗಳ ದಾಟಿ ಒಲೆಯ ಮುಂದೆ ಬಂದು ಬಿತ್ತು.

"ಒಲೆಯಜ್ಜಿ, ಈ ಮಗೂಗೆ ಬಳಿಯಾಕೆ ಒಂದಿಷ್ಟು ಬೂದಿ ಕೊಡು."

"ಹೆತ್ತ ಕೂಸಿಗೆ ಯಾರಾದ್ರೂ ಬೂದಿ ಬಳೀತಾರೇನೆ?" ಒಲೆ ಗದರಿತು. "ಒಂದು ಸಲ ಹತ್ತಿದ್ರೆ ಹೋಗಲ್ಲ. ಆಮೇಲೆ ಇದನ್ನ ಯಾರೂ ಮುದ್ದು ಮಾಡಲ್ಲ."

"ಮುದ್ದು ಬ್ಯಾಡಜ್ಜಿ. ಬದುಕಿದ್ರೆ ಸಾಕು."

ಒಲೆ ಬೂದಿಯನ್ನು ಮುಂದಕ್ಕೆ ಚೆಲ್ಲಿತು. ಬಿಸಿ ಬೂದಿಯಲ್ಲಿ ಬಳ್ಳಿಯ ಎಲೆಗಳು ಸುಟ್ಟವು, ಆದರೂ ಅದು ಮಗುವಿನ ಮೈತುಂಬ ಬೂದಿ ಬಳಿಯಿತು.

"ಅವ್ವ, ನನ್ನ ಯಾಕೆ ಕೊಳಕು ಮಾಡ್ದೆ?" ಮಗು ಅತ್ತಿತು.

"ಯಾರೂ ನೋಡದಿರಲಿ ಅಂತ, ಮಗ."

ತಾಯಿ ಮಗು ಎರಡೂ ಅಲ್ಲಿಂದ ತೆವಳಿ ಹೋಗಿ ತಿಪ್ಪೆಯ ಮೇಲೆ ಮಲಗಿದವು. ಸೂರ್ಯ ಆ ಕಡೆ ತಿರುಗಲಿಲ್ಲ. ನೊಣದ ಕಾಲು ಬೂದಿಯಲ್ಲಿ ಜಾರಿತು. ಪುಟ್ಟೀರಿ ಪಕ್ಕದಲ್ಲೇ ನಡೆದುಹೋದರೂ ಗುರುತು ಸಿಗಲಿಲ್ಲ. ಮಗು ಬೆಳೆದು ಬಲಿಯಿತು. ಸುಟ್ಟ ಬಳ್ಳಿ ಮಾತ್ರ ದಿನದಿನಕ್ಕೂ ಒಣಗಿ, ಒಂದು ದಿನ ಸತ್ತುಹೋಯಿತು.

ಆಗ ಪುಟ್ಟೀರಿಯ ಕಣ್ಣಿಗೆ ಕಾಯಿ ಬಿತ್ತು. ಒಣಗಿದ ಬಳ್ಳಿ, ಸುಟ್ಟ ಎಲೆ, ಬೂದಿ, ಎಲ್ಲವನ್ನೂ ನೋಡಿದಳು. ತಾನು ಮಾಡಿದ್ದು ಅರ್ಥವಾಗಿ ಬಿಕ್ಕಿ ಬಿಕ್ಕಿ ಅತ್ತಳು. ನವಿಲುಗರಿ ಕಿತ್ತಳು. ಮಡಿಯ ನಡುವೆ ಕೋಲು ನೆಟ್ಟು, ಸುಣ್ಣ ಬಳಿದ ಒಡಕು ಮಡಕೆಗೆ ಮಸಿಯ ಬೊಟ್ಟಿಟ್ಟು, ನೋಡುವವರ ಕಣ್ಣು ಅದಕ್ಕೇ ತಾಗಲೆಂದು ಕೋಲಿನ ತುದಿಗೆ ಬೋರಲು ಹಾಕಿದಳು.

ಅಷ್ಟರಲ್ಲಿ ಸೊಂಟದ ಕೂಸು ನಕ್ಕಿತು. ದಾರಿಯಲ್ಲಿ ಹೋಗುವ ಯಾರೋ ನಿಂತು, "ಎಷ್ಟು ಚೆಂದ ಇದೆ ನಿನ್ನ ಮಗು!" ಎಂದರು. ಪುಟ್ಟೀರಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಉದುರಿದ ಹೀಚುಗಳೆಲ್ಲ ನೆನಪಾದವು.

ಅವಳು ತಿಪ್ಪೆಯ ಮೇಲಿದ್ದ ಕಾಯನ್ನು ಕಿತ್ತು ತಂದು ಬಾಗಿಲಿಗೆ ಕಟ್ಟಿದಳು. "ನಿನ್ನ ಮ್ಯಾಲೆ ಯಾರ ಕಣ್ಣೂ ನಾಟಲಿಲ್ಲ. ನನ್ನ ಕೂಸಿನ ಮ್ಯಾಲೆ ಬೀಳೋ ಕಣ್ಣೆಲ್ಲ ಇನ್ಮೇಲೆ ನೀನೇ ತಗೋ" ಎಂದಳು.

ಕಾಯಿ ಅತ್ತಿತೋ ಏನೋ. ಅತ್ತಿದ್ದರೂ ಕೇಳಿಸಿಕೊಳ್ಳಲು ಅದರ ತಾಯಿ ಇರಲಿಲ್ಲ.

ಅದಕ್ಕೇ ಮಗು, ಕುಂಬಳದ ಹೀಚಿಗೆ ಬೆರಳು ತೋರಿಸಬಾರದು ಎನ್ನುವುದು. ಅದಕ್ಕೇ ಬೂದುಗುಂಬಳ ಮುಟ್ಟಿದರೆ ಕೈಗೆ ಬೂದಿ ಅಂಟುವುದು. ಯಾರೂ ನೋಡದಿರಲಿ ಎಂದು ತಾಯಿ ಬೂದಿ ಬಳಿದ ಆ ಮಗುವೇ ನೋಡು, ಎಲ್ಲರೂ ನೋಡಲೆಂದು ಇವತ್ತಿಗೂ ನಮ್ಮ ಬಾಗಿಲಲ್ಲಿ ತೂಗುತ್ತಿರುವುದು.