ಎಮ್ಮೆ ಕೊಟ್ಟ ಸಾಕ್ಷಿ

“ಹೊಸ ಸೀರೆ ಉಟ್ಟಿದೀನಿ, ಎಮ್ಮೆ ನನ್ನ ಗುರುತು ಹಿಡೀತದೋ ಇಲ್ವೋ!” ನಗುತ್ತ ಹೀಗಂದು ಹಾಲು ಕರೆಯಲು ಹೋದ ಬೋರಕ್ಕ ಕೊಟ್ಟಿಗೆಯಲ್ಲೇ ಪ್ರಾಣ ಬಿಟ್ಟಳು.

ಸುದ್ದಿ ತಿಳಿದು ಬಂದ ಇನ್ಸ್‌ಪೆಕ್ಟರು ಹೆಣದ ಪಕ್ಕೆಯ ಗಾಯ ನೋಡಿ ಗಂಡ ಓಬಯ್ಯನ ಕಡೆ ತಿರುಗಿದರು.

“ದಿನಾ ಕರೆಯೋಳನ್ನ ಎಮ್ಮೆ ಒದೀತದೇನಯ್ಯ? ನೀನೇ ಒದ್ದಿದೀಯ. ಜೀಪು ಹತ್ತು!”

“ಹತ್ತುತೀನಿ ಸ್ವಾಮಿ. ಕೆಚ್ಚಲು ಬಿಗಿದು ಎಮ್ಮೆ ಅರಚ್ತಾ ಐತೆ. ಅಷ್ಟು ಸಾಧು ಅಂತೀರಲ್ಲ, ನೀವೇ ಒಂದು ತಂಬಿಗೆ ಕರೆದುಬಿಡಿ. ಮಹಜರಿಗೂ ಆಯ್ತದೆ.”

ಊರೆಲ್ಲ ನೋಡುತ್ತಿತ್ತು. ಇನ್ಸ್‌ಪೆಕ್ಟರು ಕೂತರು. ಕೆಚ್ಚಲಿಗೆ ಕೈ ಹಾಕಿದರು. ಮರುಕ್ಷಣ ಟೋಪಿ ಗೋದಲಿಯಲ್ಲಿ, ಸಾಹೇಬರು ಸಗಣಿಯಲ್ಲಿ.

ಎದ್ದು, ಅಂಗಿ ಎತ್ತಿ ಪಕ್ಕೆ ನೋಡಿಕೊಂಡರು. ಅದೇ ಗೊರಸಿನ ಗುರುತು.

“ಬರ್ಕೊಳ್ಳಯ್ಯ,” ಎಂದು ನರಳುತ್ತ ಪೇದೆಗೆ ಹೇಳಿದರು, “ಎಮ್ಮೆ ಒದ್ದು ಸಾವು.”

ಮರುದಿನ ಬೆಳಿಗ್ಗೆ ಓಬಯ್ಯ ಹೆಂಡತಿಯ ಹಳೆ ಸೀರೆ ಸುತ್ತಿಕೊಂಡು ಕರೆಯಲು ಕೂತ. ಎಮ್ಮೆ ಸೆರಗು ಮೂಸಿ, ಸುಮ್ಮನೆ ನಿಂತಿತು.