ಜೇನಿನ ಮನೆಗೆ ಎರಡು ವರ್ಷಕ್ಕೊಬ್ಬಳು ರಾಣಿ

"ಹೊಂಗೆ ಮರದಡಿ ಜೇನುಪೆಟ್ಟಿಗೆಯ ರಾಣಿಗೆ ವಯಸ್ಸಾಯ್ತು. ಬದಲಾಯಿಸಿ. ಸಕ್ಕರೆ ಪಾಕ ಕುಡಿಸ್ತಾ ಕೂರಬೇಡಿ." ನನ್ನ ಹೆಂಡತಿ ಚೌಡಮ್ಮ ಕೊನೆಯದಾಗಿ ಆಡಿದ ಮಾತು ಇದು.

ನಾನು ಪಾಕ ಕುಡಿಸುತ್ತಾ ಕೂತೆ. ಆ ರಾಣಿಯನ್ನು ಮೂರು ವರ್ಷದ ಹಿಂದೆ ತಂದವಳು ಅವಳೇ. ತೆಗೆಯಲು ಕೈ ಬರಲಿಲ್ಲ. ಪೆಟ್ಟಿಗೆಯಲ್ಲಿ ಜೇನುಹುಳ ಕಮ್ಮಿಯಾಗುತ್ತಾ ಬಂತು.

ಒಂದು ಸಂಜೆ ಮೊಮ್ಮಗಳು ಸಿಂಚನ ಕೇಳಿದಳು. "ತಾತ, ರಾಣೀನ ಯಾಕೆ ಬದಲಾಯಿಸ್ಬೇಕು?"

ಚೌಡಮ್ಮ ಹೇಳುತ್ತಿದ್ದ ಕತೆಯನ್ನೇ ಹೇಳಿದೆ.

ಭೂಮಿಯ ಮೇಲೆ ಹೂವು ಆಗಷ್ಟೇ ಅರಳಲು ಕಲಿತಿದ್ದ ಕಾಲ. ಆಗ ಇದ್ದದ್ದು ಒಂದೇ ಜೇನಿನ ಮನೆ, ಒಬ್ಬಳೇ ರಾಣಿ.

ಮೊದಲ ವರ್ಷ ಮನೆ ತುಂಬ ಮಕ್ಕಳು. ಎರಡನೇ ವರ್ಷವೂ ಮನೆ ತುಂಬ ಮಕ್ಕಳು. ಮೂರನೇ ವರ್ಷ ಖಾಲಿ ಕೋಣೆ ಕಂಡವು.

ಅಮ್ಮನಿಗೆ ಹಸಿವು ಅಂದುಕೊಂಡವು ಜೇನು. ಹೊಂಗೆ ಹೂವಿನ ರಸ ತಂದು ಕುಡಿಸಿದವು. ಕೋಣೆ ತುಂಬಲಿಲ್ಲ. ಹುಣಸೆ ಹೂವಿನ ರಸ ತಂದು ಕುಡಿಸಿದವು. ಕೋಣೆ ತುಂಬಲಿಲ್ಲ.

ಬಾಗಿಲಲ್ಲಿ ಮೇಣದ ಪತಂಗ ಕೂತಿತ್ತು. "ಕುಡಿಸಿ, ಕುಡಿಸಿ. ನಿಮ್ಮಮ್ಮನಂಥವಳು ಇನ್ನೊಬ್ಬಳಿಲ್ಲ," ಅಂತಿತ್ತು. ಖಾಲಿ ಕೋಣೆಯ ಮೇಣ ಅದರ ಮರಿಗಳ ಊಟ. ಅದಕ್ಕೇ ಅಷ್ಟು ಹೊಗಳಿಕೆ.

ಗಾಳಿ ಬಂತು. "ರಾಣಿ, ಮೊದಲೆಲ್ಲ ನಿನ್ನ ಘಮ ಹೊಳೆಯಾಚೆಗೂ ಹೊತ್ಕೊಂಡು ಹೋಗ್ತಿದ್ದೆ. ಈಗ ಬಾಗಿಲು ದಾಟೋದ್ರೊಳಗೆ ಮುಗಿದೋಗುತ್ತೆ."

ಜೇನುಗಳಿಗೆ ಸಿಟ್ಟು ಬಂತು. "ಅಮ್ಮನಿಗೆ ಹಂಗನ್ನಬೇಡ. ಹೋಗು ಅತ್ಲಾಗೆ."

"ನೀವು ಸುಮ್ನಿರಿ," ಅಂದಳು ರಾಣಿ. ಎದ್ದಳು. ಒಂದೊಂದೇ ಕೋಣೆಗೆ ತಲೆ ಹಾಕಿ ನೋಡಿದಳು. ಖಾಲಿ. ಖಾಲಿ. ಮೂರನೆಯದರಲ್ಲಿ ಪತಂಗದ ಮರಿ ಬಲೆ ನೇಯುತ್ತಿತ್ತು.

"ನನಗೆ ಕುಡಿಸಿದ್ದು ಸಾಕು. ಒಬ್ಬ ಮಗಳಿಗೆ ಕುಡಿಸಿ," ಅಂದಳು. "ಮೇಣದ ಎರಿಯ ಕೆಳ ಅಂಚಿಗೆ ಅವಳ ಕೋಣೆ ಕಟ್ಟಿ. ದೊಡ್ಡದಾಗಿ."

"ಮತ್ತೆ ನೀನು?"

"ನಾನಿದ್ರೆ ನೀವು ನನ್ನ ಮುಖಾನೇ ನೋಡ್ತಾ ಕೂರ್ತೀರಿ. ಗಾಳಿ, ನಡಿ."

ಒಂದಷ್ಟು ಜೇನು ಕರೆದುಕೊಂಡು ಹಾರಿದಳು. ಹಿಂತಿರುಗಿ ನೋಡಲಿಲ್ಲ.

ಹದಿನಾರನೇ ದಿನ ಮಗಳು ಕೋಣೆ ಕೊರೆದು ಹೊರಬಂದಳು. ಸೂರ್ಯನವರೆಗೂ ಅನ್ನುವ ಹಾಗೆ ಮೇಲಕ್ಕೆ ಹಾರಿ ಬಂದಳು. ಮೊಟ್ಟೆಯಿಟ್ಟಳು, ಇಟ್ಟಳು, ಇಡುತ್ತಲೇ ಹೋದಳು. ಮನೆ ತುಂಬಿತು. ಗುಂಯ್ ಅಂತು. ಜೇನುಗಳೆಲ್ಲ ಸೇರಿ ಪತಂಗದ ಮರಿಗಳನ್ನು ಎಳೆದೆಳೆದು ಹೊರಗೆ ಹಾಕಿದವು.

"ನಿಮ್ಮಮ್ಮ ಇದ್ದಿದ್ರೆ ನನಗೆ ಈ ಗತಿ ಬರ್ತಿರಲಿಲ್ಲ," ಅಂತ ಗೊಣಗಿತು ಪತಂಗ.

"ಹೊಳೆಯಾಚೆ ಇದ್ದಾಳಲ್ಲ," ಅಂತು ಗಾಳಿ. "ಅಲ್ಲೂ ಮಗಳಿಗೆ ಕೋಣೆ ಕಟ್ಟಿಸ್ತಿದ್ದಾಳೆ. ಹೋಗಿ ಮಾತಾಡ್ಸಿ ಬಾ."

ಪತಂಗ ಹೋಗಲಿಲ್ಲ. ಒಂದಿದ್ದ ಜೇನಿನ ಮನೆ ಎರಡಾಯಿತು. ಎರಡು ನಾಲ್ಕಾಯಿತು. ಕಾಡೆಲ್ಲ ಜೇನಾಯಿತು.

ಅದಕ್ಕೇ ಮಗ, ಇವತ್ತಿಗೂ ರಾಣಿಮರಿಯ ಕೋಣೆ ಎರಿಯ ಕೆಳ ಅಂಚಿನಲ್ಲಿ ಕಡಲೆಕಾಯಿಯ ಹಾಗೆ ತೂಗುತ್ತದೆ, ಜೇನು ಸಾಕುವವರು ಮೂರನೇ ವರ್ಷಕ್ಕೆ ಕಾಯದೆ ಎರಡು ವರ್ಷಕ್ಕೊಮ್ಮೆ ರಾಣಿಯನ್ನು ಬದಲಾಯಿಸುತ್ತಾರೆ.

ಮಾರನೇ ಬೆಳಿಗ್ಗೆ ಬೇಲಿ ಪಕ್ಕದ ಇನ್ನೊಂದು ಪೆಟ್ಟಿಗೆಯಿಂದ ಅಂಥದ್ದೊಂದು ಕೋಣೆ ಕೊಯ್ದು ತಂದೆ. ಚೌಡಮ್ಮನ ರಾಣಿಯನ್ನು ಎತ್ತಿ, ಒಂದು ಹಿಡಿ ಹುಳದ ಜೊತೆ ಸಣ್ಣ ಪೆಟ್ಟಿಗೆಗೆ ಬಿಟ್ಟೆ. ಹೊಸ ಕೋಣೆಯನ್ನು ಎರಿಗೆ ಅಂಟಿಸಿದೆ. ಹುಳಗಳು ಮುತ್ತಿಕೊಂಡು ಅದಕ್ಕೆ ಕಾವು ಕೊಡತೊಡಗಿದವು. ಮುಚ್ಚಳ ಹಾಕಿ, ಇನ್ನೆರಡು ಪೆಟ್ಟಿಗೆಗೆ ಹಲಗೆ ಕೊಯ್ಯಲು ಕೂತೆ.