ಪೇದೆಯ ಕೈಮೇಲಿನ ಚೇಳು

“ಗುರುಗಳೇ, ಇನ್ನೊಬ್ಬನನ್ನು ಕಾಪಾಡುವಂಥ ಸತ್ಯವೊಂದು ನಮಗೆ ಗೊತ್ತಿದ್ದರೆ, ಅದನ್ನು ಹೇಳಲು ತಕ್ಕ ಕಾಲ ಯಾವುದು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯ ಠಾಣೆಯಲ್ಲಿ ಒಬ್ಬ ಪೇದೆ ಇದ್ದ. ನಿಯತ್ತಿನ ಮನುಷ್ಯ. ಆ ಠಾಣೆಯ ಪೇದೆಗಳಲ್ಲಿ ಹೆಚ್ಚಿನವರ ಕೈಮೇಲೆ ಹಚ್ಚೆ ಇತ್ತು. ಒಬ್ಬ ತೀರಿಹೋದ ತಮ್ಮನ ಹೆಸರು ಬರೆಸಿಕೊಂಡಿದ್ದ. ಇನ್ನೊಬ್ಬ ಗಲಭೆಯಲ್ಲಿ ತಲೆ ಒಡೆಸಿಕೊಂಡೂ ಬದುಕಿದ್ದಕ್ಕೆ ಆಂಜನೇಯನನ್ನು ಹಾಕಿಸಿಕೊಂಡಿದ್ದ. ಮತ್ತೊಬ್ಬನ ಮುಂಗೈಮೇಲೆ ಹೆಂಡತಿಯ ಹೆಸರಿತ್ತು. ಮದುವೆಗೆ ಮೊದಲೇ ಬರೆಸಿಕೊಂಡುಬಿಟ್ಟ, ಇನ್ನು ಬೇರೆ ಯಾರು ಇವನಿಗೆ ಹೆಣ್ಣು ಕೊಡುತ್ತಿದ್ದರು ಎಂದು ಉಳಿದವರು ರೇಗಿಸುತ್ತಿದ್ದರು. ಚಹಾದ ಹೊತ್ತಿಗೆ ಅಂಗಿಯ ತೋಳು ಮಡಿಸಿ ಕುಳಿತರೆ ಇವೇ ಮಾತು.

ನಮ್ಮ ಪೇದೆ ಮಾತ್ರ ತೋಳು ಮಡಿಸುತ್ತಿರಲಿಲ್ಲ. ಕೇಳಿದರೆ, ಬಿಸಿಲಿಗೆ ಮೈ ಉರಿಯುತ್ತದೆ ಎನ್ನುತ್ತಿದ್ದ. ಅವನ ಬಲ ಮುಂಗೈಮೇಲೆ ಒಂದು ಚೇಳಿತ್ತು. ಐದು ವರ್ಷದವನಿದ್ದಾಗ ಅವನಿಗೆ ಚೇಳು ಕಡಿದಿತ್ತು. ಬದುಕುತ್ತಾನೆ ಎಂಬ ಆಸೆಯನ್ನು ಎಲ್ಲರೂ ಬಿಟ್ಟಿದ್ದರು. ಉಳಿದುಕೊಂಡ ಮೇಲೆ ತಾಯಿ ಹಚ್ಚೆ ಹಾಕುವವಳನ್ನು ಕರೆಸಿ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಈ ಚೇಳನ್ನು ಹಾಕಿಸಿದ್ದಳು. ಸೂಜಿ ಚುಚ್ಚುವಾಗ ಮಗನಿಗಿಂತ ಅವಳೇ ಹೆಚ್ಚು ಅತ್ತಿದ್ದಳು. ಅವರ ಸೀಮೆಯಲ್ಲಿ ಅದು ವಾಡಿಕೆ. ಒಮ್ಮೆ ಬಂದು ಹೋದ ಸಾವು ಗುರುತು ನೋಡಿ ಮತ್ತೆ ಬಾರದಿರಲಿ ಎಂದು.

ಆದರೆ ಠಾಣೆಯ ಚಹರೆ ಪುಸ್ತಕಕ್ಕೆ ಇದೆಲ್ಲ ಗೊತ್ತಿರಲಿಲ್ಲ. ಹಿಡಿದು ತಂದವರ ಮೈಮೇಲಿನ ಗುರುತುಗಳನ್ನು ಅದರಲ್ಲಿ ಬರೆಯುತ್ತಿದ್ದರು. ಆ ಗುರುತು ಹೇಗೆ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಅದರಲ್ಲಿ ಚೇಳಿನ ಹಚ್ಚೆಯವರು ಮೂವರಿದ್ದರು, ಮೂವರೂ ಕಳ್ಳರು. ಚೇಳು ಕಂಡರೆ ಜೇಬು ಮುಟ್ಟಿ ನೋಡಿಕೋ ಎಂದು ಪೇದೆಗಳು ನಗುತ್ತಿದ್ದರು. ಇವನೂ ಜೊತೆಗೆ ನಗುತ್ತಿದ್ದ. ತಾಯಿ ಅಳುತ್ತ ಹಾಕಿಸಿದ್ದಕ್ಕೆ ನಾಚಿಕೊಳ್ಳುವುದು ತಪ್ಪೆಂದು ಅವನಿಗೆ ಗೊತ್ತಿತ್ತು. ಆದರೂ ನಾಚಿಕೊಳ್ಳುತ್ತಿದ್ದ.

ಒಂದು ದಿನ ಹಾಡಹಗಲೇ ವರ್ತಕನೊಬ್ಬನ ಮನೆಯಲ್ಲಿ ಕಳವಾಯಿತು. ಕಿಟಕಿಯಿಂದ ಒಳಗೆ ಚಾಚಿದ ಕೈಯನ್ನಷ್ಟೇ ವರ್ತಕನ ಹೆಂಡತಿ ಕಂಡಿದ್ದಳು. ಅದರ ಮೇಲೆ ಚೇಳಿತ್ತು. ಸಂಜೆಯೊಳಗೆ, ಸಂತೆಗೆ ಬಂದಿದ್ದ ಚಾಪೆ ಮಾರುವವನೊಬ್ಬನನ್ನು ಹಿಡಿದು ತಂದರು. ಅವನ ಕೈಮೇಲೂ ಚೇಳು.

“ನಮ್ಮ ಕಡೆ ಚೇಳು ಕಡಿದು ಉಳಿದ ಮಕ್ಕಳಿಗೆಲ್ಲ ಇದನ್ನ ಹಾಕಿಸ್ತಾರೆ ಸ್ವಾಮಿ. ನನ್ನೊಬ್ಬನಿಗೇ ಅಲ್ಲ,” ಎಂದ ಅವನು.

ಠಾಣೆಯ ಸಾಹೇಬರು ನಕ್ಕರು. “ಕಳ್ಳನದಲ್ಲದ ಅಂಥ ಇನ್ನೊಂದು ಕೈ ತೋರಿಸು, ಈಗಲೇ ಬಿಟ್ಟುಬಿಡ್ತೀನಿ.”

ಆ ಇನ್ನೊಂದು ಕೈ ಲಾಠಿ ಹಿಡಿದು ಅಲ್ಲೇ ನಿಂತಿತ್ತು.

ಪೇದೆ ಬಾಯಿ ಬಿಡಲಿಲ್ಲ. ಹೇಳಬಾರದು ಎಂದಲ್ಲ. ಹೇಳಲೇಬೇಕು ಎಂದು ಆ ಕ್ಷಣವೇ ನಿಶ್ಚಯಿಸಿದ್ದ. ಇಷ್ಟು ಜನರ ಮುಂದೆ ಬೇಡ, ಸಾಹೇಬರು ಒಬ್ಬರೇ ಇದ್ದಾಗ ಹೇಳೋಣ ಎಂದುಕೊಂಡ. ಮರುದಿನ ಸಾಹೇಬರು ಒಬ್ಬರೇ ಇದ್ದರು, ಆದರೆ ಸಿಟ್ಟಿನಲ್ಲಿದ್ದರು. ಮೂರನೆಯ ದಿನ ಅವನಿಗೆ ತನ್ನ ಬಡ್ತಿಯ ನೆನಪಾಯಿತು. ಆದೇಶ ಇಂದೋ ನಾಳೆಯೋ ಬರುವುದಿತ್ತು. ಬಡ್ತಿ ಬಂದ ಮೇಲೆ ಹೇಳಿದರೆ ಮಾತಿಗೂ ಒಂದು ತೂಕವಿರುತ್ತದೆ, ಅದರಿಂದ ಆ ಬಡಪಾಯಿಗೇ ಅನುಕೂಲ ಎಂದು ತನಗೆ ತಾನೇ ಹೇಳಿಕೊಂಡ. ಅಲ್ಲಿಯವರೆಗೆ ಚಾಪೆಯವನನ್ನು ಚೆನ್ನಾಗಿ ನೋಡಿಕೊಂಡ. ಮನೆಯಿಂದ ಮುದ್ದೆ ತಂದುಕೊಟ್ಟ. ಒಪ್ಪಿಕೋ ಎಂದು ಹೊಡೆಯುವ ಸರದಿ ತನ್ನದಾದಾಗ ಮೆಲ್ಲಗೆ ಹೊಡೆದ. ಈ ಠಾಣೆಯಲ್ಲಿ ತನ್ನಷ್ಟು ಕರುಣೆ ಇನ್ನಾರಿಗಿದೆ ಎಂದೂ ಅವನಿಗೆ ಅನ್ನಿಸಿತು.

ಏಳನೆಯ ದಿನ ಆದೇಶ ಬಂತು. ಪೇದೆ ತನ್ನ ನಿಶ್ಚಯಕ್ಕೆ ತಪ್ಪಲಿಲ್ಲ. ನೇರವಾಗಿ ಹೋಗಿ ಸಾಹೇಬರ ಮುಂದೆ ನಿಂತ, ತೋಳು ಮಡಿಸಿದ, ಎಲ್ಲವನ್ನೂ ಹೇಳಿದ. ಯಾರೂ ನಗಲಿಲ್ಲ. ಯಾರೂ ಅವನನ್ನು ಕಳ್ಳನೆನ್ನಲಿಲ್ಲ. ಸಾಹೇಬರು ಆ ಚೇಳನ್ನು ನೋಡಿ, ಚಾಪೆಯವನನ್ನು ಬಿಡಲು ಹೇಳಿದರು. ಪೇದೆ ಹೆದರಿಕೊಂಡಿದ್ದರಲ್ಲಿ ಒಂದೂ ನಡೆಯಲಿಲ್ಲ. ಅವನ ಮನಸ್ಸು ಹಗುರಾಯಿತು. ಬೀಗ ತೆಗೆಯಲು ತಾನೇ ಹೋದ. ಕುಂಟುತ್ತ ಹೊರಬಂದವನಿಗೆ ತನ್ನ ಕೈ ತೋರಿಸಿ, ನಿನ್ನನ್ನು ಬಿಡಿಸಿದ್ದು ಇದೇ ಎಂದ.

ಚಾಪೆಯವನು ಬಗ್ಗಿ ನೋಡಿದ.

“ಅವ್ವ ಹಾಕಿಸಿದ್ದಾ?”

“ಹೌದು. ಆಗ ನನಗೆ ಐದು ವರ್ಷ.”

“ಹಂಗಾದ್ರೆ ನನ್ನ ಹಿಡ್ಕೊಂಡು ಬಂದ ದಿನಾನೂ ಇತ್ತು,” ಎಂದ ಚಾಪೆಯವನು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಚಾಪೆಯ ಕಟ್ಟನ್ನು ಹೆಗಲಿಗೆ ಏರಿಸಲು ನೋಡಿದ, ಆಗಲಿಲ್ಲ. ನೆಲದ ಮೇಲೆ ಎಳೆದುಕೊಂಡು ಹೋದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

“ತಡವಾಯಿತು, ನಿಜ. ಆದರೂ ಪೇದೆ ಕೊನೆಗೆ ಹೇಳಿದನಲ್ಲ, ಗುರುಗಳೇ. ಅದಕ್ಕೆ ಬೆಲೆಯೇ ಇಲ್ಲವೆ?” ಎಂದ ಶಿಷ್ಯ.

“ಅದನ್ನು ಆಮೇಲೆ ನೋಡೋಣ,” ಎಂದರು ಗುರುಗಳು, “ನೀನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆ ಕೇಳಿದೆಯೋ, ಅವನು ಈಗ ಎಲ್ಲಿದ್ದಾನೆ?”